ರೋಗಿಯ ಹಾಸಿಗೆಯೇ ಅವರ ಪಾಠಶಾಲೆ: ಸಂತ ಕಮಿಲ್ಲಸರ ಜೀವನ

ನೀವು ಕಳೆದ ಬಾರಿ ಆಸ್ಪತ್ರೆಗೆ ಹೋಗಿ ರೋಗಿಯೊಬ್ಬರನ್ನು ನೋಡಿ ಬಂದದ್ದು ಯಾವಾಗ? ಅಂದು ನೀವು ಏನು ಮಾಡಿದಿರೆಂದು ಸ್ವಲ್ಪ ನೆನಪಿಸಿಕೊಳ್ಳಿ. ನಾಲ್ಕು ಮೂಸಂಬಿ, ಒಂದು ಬ್ರೆಡ್ಡು ಹಿಡಿದು ಹೋಗಿರುತ್ತೀರಿ. ಹಾಸಿಗೆಯ ಬದಿಯಲ್ಲಿ ನಿಂತು ಡಾಕ್ಟರು ಏನು ಹೇಳಿದರೆಂದು ಕೇಳಿರುತ್ತೀರಿ. ಇದೇ ಕಾಯಿಲೆ ಬಂದಿದ್ದ ಇನ್ನೊಬ್ಬರ ಕಥೆ ಹೇಳಿರುತ್ತೀರಿ. ಎಲ್ಲವೂ ದೇವರ ಚಿತ್ತ, ಪ್ರಾರ್ಥನೆ ಮಾಡಿ ಎಂದು ಸಮಾಧಾನ ಹೇಳಿ, ಬಸ್ಸಿಗೆ ಹೊತ್ತಾಯಿತೆಂದು ಹೊರಟಿರುತ್ತೀರಿ. ನಾವೆಲ್ಲರೂ ಹೀಗೆ ಮಾಡಿದವರೇ. ನಮ್ಮ ಮನಸ್ಸಿನಲ್ಲಿ ಪ್ರೀತಿ ಇಲ್ಲವೆಂದಲ್ಲ. ಆ ಪ್ರೀತಿಯನ್ನು ರೋಗಿಗೆ ತಲುಪಿಸುವ ಬಗೆಯನ್ನು ನಮಗೆ ಯಾರೂ ಕಲಿಸಿಲ್ಲ, ಅಷ್ಟೇ.

ರೋಗಿಗಳ ಆರೈಕೆ, ಅವರಿಗೆ ಸಾಂತ್ವನ ನೀಡುವುದು ಕಲಿತು ಬರುವ ವಿದ್ಯೆಯೇ ಎಂದು ನೀವು ಕೇಳಬಹುದು. ಹೌದೆಂದು ನಾಲ್ಕು ಶತಮಾನಗಳ ಹಿಂದೆಯೇ ತೋರಿಸಿಕೊಟ್ಟವರು ಸಂತ ಕಮಿಲ್ಲಸ್ ದೆ ಲೆಲ್ಲಿಸ್. ರೋಗಿಗಳಿಗೂ ಆಸ್ಪತ್ರೆಗಳಿಗೂ ದಾದಿಯರಿಗೂ ಧರ್ಮಸಭೆ ಪಾಲಕರನ್ನಾಗಿ ಕೊಟ್ಟಿರುವ ಸಂತರಲ್ಲಿ ಇವರೊಬ್ಬರು. ಜುಲೈ 14ರಂದು ಇವರ ಹಬ್ಬ. ಆದರೆ ಈ ಸಂತರೇ ಒಮ್ಮೆ ಕೆಲಸಗಳ್ಳರೆಂದು ಆಸ್ಪತ್ರೆಯಿಂದ ಹೊರದಬ್ಬಿಸಿಕೊಂಡವರು ಎಂಬುದು ನಿಮಗೆ ಗೊತ್ತೇ?

ತಾಯಿಯ ಕನಸು

ಇಟಲಿಯ ದಕ್ಷಿಣ ಭಾಗದಲ್ಲಿ, ಆಗಿನ ನೇಪಲ್ಸ್ ರಾಜ್ಯಕ್ಕೆ ಸೇರಿದ ಬುಕ್ಕಿಯಾನಿಕೊ ಎಂಬ ಊರು. 1550ರ ಮೇ 25ರಂದು ಕಮಿಲ್ಲಸ್ ಅಲ್ಲಿ ಹುಟ್ಟಿದ. ತಂದೆ ಜೊವಾನ್ನಿ ಸೈನ್ಯದಲ್ಲಿದ್ದವನು, ಮನೆಯಲ್ಲಿ ಇರುತ್ತಿದ್ದುದೇ ಅಪರೂಪ. ತಾಯಿ ಕಮಿಲ್ಲಾ ದೈವಭಕ್ತೆ. ಮಗು ಹುಟ್ಟಿದಾಗ ಆಕೆಗೆ ಮೊಮ್ಮಕ್ಕಳನ್ನು ಆಡಿಸುವ ವಯಸ್ಸು. ಹೆರಿಗೆಗೆ ಮೊದಲು ಆಕೆ ಒಂದು ಕನಸು ಕಂಡಳೆಂದು ಹೇಳುತ್ತಾರೆ. ಎದೆಯ ಮೇಲೆ ಶಿಲುಬೆಯ ಗುರುತಿದ್ದ ಒಬ್ಬ ಹುಡುಗ, ಅದೇ ಗುರುತಿದ್ದ ಹಲವಾರು ಹುಡುಗರ ಮುಂದಾಳಾಗಿ ನಡೆಯುತ್ತಿದ್ದ. ಆ ತಾಯಿ ಹೆದರಿದಳು. ಅಪರಾಧಿಗಳನ್ನು ಶಿಕ್ಷೆಗೆ ಕರೆದೊಯ್ಯುವಾಗ ಎದೆಗೆ ಶಿಲುಬೆ ಕಟ್ಟುತ್ತಿದ್ದ ಕಾಲವದು. ತನ್ನ ಮಗ ಕಳ್ಳರ ಗುಂಪಿನ ನಾಯಕನಾಗುವನೇನೋ ಎಂಬ ಕೊರಗು ಆಕೆಯನ್ನು ಕಡೆಯವರೆಗೂ ಬಿಡಲಿಲ್ಲ.

ಮಗ ಬೆಳೆದ ರೀತಿಯೂ ಆ ಕೊರಗನ್ನು ಹೆಚ್ಚಿಸುವಂತೆಯೇ ಇತ್ತು. ಹುಡುಗ ಹಟಮಾರಿ, ಮುಂಗೋಪಿ. ಶಾಲೆ ತಪ್ಪಿಸಿ ಇಸ್ಪೀಟು ಆಡುವುದರಲ್ಲೇ ಆಸಕ್ತಿ. ಅವನಿಗೆ ಹದಿಮೂರು ತುಂಬುವ ಹೊತ್ತಿಗೆ ತಾಯಿ ತೀರಿಕೊಂಡಳು. ಮುಂದೆ ಆರೂವರೆ ಅಡಿ ಎತ್ತರಕ್ಕೆ ಬೆಳೆದ ಕಮಿಲ್ಲಸ್ ಸೈನಿಕನಾಗಲು ತಂದೆಯ ಹಿಂದೆ ಹೊರಟ. ದಾರಿಯಲ್ಲೇ ಇಬ್ಬರೂ ಜ್ವರ ಬಿದ್ದರು. ತಂದೆ ಸತ್ತ. ಮಗನ ಕಾಲಿನ ಮೇಲೆ ಒಂದು ಸಣ್ಣ ಗಾಯವಾಯಿತು. ಕೆರೆದು ಕೆರೆದು ಅದು ಹುಣ್ಣಾಯಿತು. ಆ ಹುಣ್ಣು ಅವನು ಸಾಯುವ ದಿನದವರೆಗೂ ಮಾಯಲಿಲ್ಲ. ಓದುಗರೇ, ಈ ಹುಣ್ಣನ್ನು ನೆನಪಿಡಿ. ದೇವರು ಈ ಮನುಷ್ಯನನ್ನು ಹಿಡಿದು ಎಳೆದದ್ದು ಇದೇ ಕಾಲನ್ನು.

ಆಸ್ಪತ್ರೆಯಿಂದ ಬೀದಿಗೆ

ಹುಣ್ಣಿನ ಚಿಕಿತ್ಸೆಗೆಂದು 1571ರಲ್ಲಿ ಕಮಿಲ್ಲಸ್ ರೋಮ್ ನಗರದ ಸಂತ ಯಾಕೋಬರ ಆಸ್ಪತ್ರೆಗೆ ಬಂದ. ವಾಸಿಯಾಗದ ರೋಗಗಳವರಿಗಾಗಿಯೇ ಇದ್ದ ಆಸ್ಪತ್ರೆ ಅದು. ಕೊಡಲು ಹಣವಿಲ್ಲದ್ದರಿಂದ ಚಿಕಿತ್ಸೆಗೆ ಬದಲಾಗಿ ಅಲ್ಲಿಯೇ ಆಳಾಗಿ ದುಡಿಯಲು ಸೇರಿಕೊಂಡ. ಆದರೆ ಅವನ ಜಗಳ, ಜೂಜು ನಿಲ್ಲಲಿಲ್ಲ. ರೋಗಿಗಳನ್ನು ಬಿಟ್ಟು ತೈಬರ್ ನದಿಯ ದೋಣಿಗಾರರೊಡನೆ ಇಸ್ಪೀಟು ಆಡಲು ಹೋಗುತ್ತಿದ್ದ. ನೀರು ಕೇಳಿದ ರೋಗಿಗೆ ನೀರು ಕೊಡುವವರಿಲ್ಲ, ಆಳು ಜೂಜುಕಟ್ಟೆಯಲ್ಲಿ! ಕೆಲವೇ ತಿಂಗಳಲ್ಲಿ ಅವನನ್ನು ಕೆಲಸದಿಂದ ತೆಗೆದುಹಾಕಿದರು.

ಮತ್ತೆ ಸೈನ್ಯ, ಮತ್ತೆ ಜೂಜು. 1574ರಲ್ಲಿ ನೇಪಲ್ಸ್‌ನ ಬೀದಿಯಲ್ಲಿ ಹಣ, ಆಯುಧ ಎಲ್ಲವನ್ನೂ ಕಳೆದುಕೊಂಡು ಮೈಮೇಲಿನ ಅಂಗಿಯನ್ನೂ ಪಣಕ್ಕಿಟ್ಟು ಸೋತ. ಬರಿಗೈಯಲ್ಲಿ ಅಲೆಯುತ್ತಾ ಮನ್‌ಫ್ರೆದೋನಿಯ ಎಂಬ ಪಟ್ಟಣಕ್ಕೆ ಬಂದು ಚರ್ಚಿನ ಬಾಗಿಲಲ್ಲಿ ಭಿಕ್ಷೆಗೆ ನಿಂತ. ಇಪ್ಪತ್ತನಾಲ್ಕರ ಹರೆಯದ ಆಜಾನುಬಾಹು ಕೈಯೊಡ್ಡಿ ನಿಂತದ್ದನ್ನು ನೋಡಿ ಊರಿನವರೊಬ್ಬರು ಅವನನ್ನು ಕಪುಚಿನ್ ಮಠದ ಕಟ್ಟಡದ ಕೆಲಸಕ್ಕೆ ಕಳುಹಿಸಿದರು. ಕತ್ತೆಗಳ ಮೇಲೆ ಕಲ್ಲು, ಸುಣ್ಣ, ನೀರು ಹೇರುವ ಕೂಲಿ.

ಅಲ್ಲಿಂದ ಒಂದು ದಿನ ಅವನನ್ನು ಸ್ಯಾನ್ ಜೊವಾನ್ನಿ ರೊತೊಂದೊ ಎಂಬ ಊರಿನ ಮಠಕ್ಕೆ ಕಳುಹಿಸಿದರು. ಈ ಊರಿನ ಹೆಸರು ನಿಮ್ಮಲ್ಲಿ ಅನೇಕರಿಗೆ ಪರಿಚಿತ. ಮುಂದೆ ಸಂತ ಪಾದ್ರೆ ಪಿಯೋ ನೆಲೆಸಿದ್ದು, 1956ರಲ್ಲಿ ನೊಂದವರಿಗಾಗಿ ದೊಡ್ಡ ಆಸ್ಪತ್ರೆ ತೆರೆದದ್ದು ಇಲ್ಲಿಯೇ. ಅಂದು ಸಂಜೆ ಮಠದ ಹಿರಿಯರು ಕಮಿಲ್ಲಸನನ್ನು ಕರೆದು ಕೂರಿಸಿ, ಪಾಪವನ್ನು ತೊರೆದು ದೇವರನ್ನು ಹುಡುಕುವಂತೆ ಬುದ್ಧಿ ಹೇಳಿದರು. ಬೈಯಲಿಲ್ಲ, ಹೆದರಿಸಲಿಲ್ಲ, ಹತ್ತಿರ ಕೂತು ಮಾತನಾಡಿದರು. ಮಾರನೆಯ ದಿನ 1575ರ ಫೆಬ್ರವರಿ 2. ಮೇಣದ ಬತ್ತಿಗಳನ್ನು ಮಂತ್ರಿಸುವ ಹಬ್ಬದ ದಿನ. ಹಿಂದಿರುಗುವ ದಾರಿಯಲ್ಲಿ ಆ ಮಾತುಗಳು ಅವನ ಎದೆಯನ್ನು ತಿವಿದವು. ಸವಾರಿಯಿಂದ ಇಳಿದು ಕಲ್ಲುನೆಲದ ಮೇಲೆ ಮೊಣಕಾಲೂರಿ, ಇಷ್ಟು ವರ್ಷ ಹಾಳುಮಾಡಿದ ಬಾಳಿಗಾಗಿ ಬಿಕ್ಕಿ ಬಿಕ್ಕಿ ಅತ್ತ. ಸಾಯುವವರೆಗೂ ಆ ದಿನವನ್ನು ತನ್ನ ಮನಪರಿವರ್ತನೆಯ ದಿನವೆಂದು ಆಚರಿಸಿದ.

ರಾತ್ರಿಯ ವಾರ್ಡಿನಲ್ಲಿ ಹುಟ್ಟಿದ ಯೋಚನೆ

ಕಮಿಲ್ಲಸರು ಕಪುಚಿನ್ ಸನ್ಯಾಸಿಯಾಗಲು ಬಯಸಿದರು. ಆದರೆ ಒರಟು ನಿಲುವಂಗಿಯ ಅಂಚು ಉಜ್ಜಿ ಉಜ್ಜಿ ಕಾಲಿನ ಹುಣ್ಣು ಮತ್ತೆ ಬಾಯಿ ಬಿಟ್ಟಿತು. ಮಠದವರು ಅವರನ್ನು ಚಿಕಿತ್ಸೆಗೆ ಕಳುಹಿಸಿದರು. ವಾಸಿಯಾಯಿತೆಂದು ಮರಳಿ ಬಂದಾಗ ಮತ್ತೆ ಅದೇ ಕಥೆ. ಎರಡು ಸಲವೂ ಅವರು ಹೋಗಿ ಸೇರಿದ್ದು, ಹಿಂದೆ ತಮ್ಮನ್ನು ಹೊರಹಾಕಿದ್ದ ಅದೇ ಸಂತ ಯಾಕೋಬರ ಆಸ್ಪತ್ರೆಗೆ. ಈಗ ಬಂದ ಕಮಿಲ್ಲಸರು ಬೇರೆಯೇ ಮನುಷ್ಯ. ಅವರ ದುಡಿಮೆಯನ್ನು ಕಂಡ ಆಡಳಿತದವರು ಅವರನ್ನೇ ಆಸ್ಪತ್ರೆಯ ಮೇಲ್ವಿಚಾರಕರನ್ನಾಗಿ ನೇಮಿಸಿದರು. ರೋಮ್ ನಗರದ ಪ್ರಸಿದ್ಧ ಗುರು ಸಂತ ಫಿಲಿಪ್ ನೇರಿಯವರೇ ಅವರ ಪಾಪನಿವೇದನೆ ಕೇಳುವ ಗುರುಗಳಾದರು.

ಮೇಲ್ವಿಚಾರಕರಾಗಿ ಅವರು ಕಂಡದ್ದೇನು? ಕೂಲಿಯಾಳುಗಳು ಸಂಬಳಕ್ಕಾಗಿ ಬರುತ್ತಿದ್ದರು. ಹಿಂದೆ ತಾವು ಹೇಗಿದ್ದರೋ ಅವರೂ ಹಾಗೆಯೇ ಇದ್ದರು. ಹಾಸಿಗೆಗಳು ಕೊಳೆತು ನಾರುತ್ತಿದ್ದವು. ಕೈ ಎತ್ತಲಾರದ ರೋಗಿಯ ಮುಂದೆ ಊಟದ ತಟ್ಟೆ ಇಟ್ಟು ಹೋಗುತ್ತಿದ್ದರು. ಸಾಯುವವರ ಪಕ್ಕದಲ್ಲಿ ಯಾರೂ ಇರುತ್ತಿರಲಿಲ್ಲ. ಗುರುಗಳು ಬಂದು ಸಂಸ್ಕಾರ ನೀಡಿ ಹೋದರೆ ಮುಗಿಯಿತು. ಕಮಿಲ್ಲಸರು ಬೈದು ನೋಡಿದರು, ಕಾವಲು ಕಾದು ನೋಡಿದರು. ಫಲ ಸಿಗಲಿಲ್ಲ. 1582ರ ಆಗಸ್ಟ್ ತಿಂಗಳಲ್ಲಿ, ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಹಬ್ಬದ ಸಮಯ, ರಾತ್ರಿ ವಾರ್ಡಿನಲ್ಲಿದ್ದಾಗ ಅವರಿಗೆ ಒಂದು ಯೋಚನೆ ಹೊಳೆಯಿತು. ಸಂಬಳಕ್ಕಾಗಿ ಅಲ್ಲ, ದೇವರ ಮೇಲಿನ ಪ್ರೀತಿಗಾಗಿ, ತಾಯಿ ತನ್ನ ಮಗುವನ್ನು ನೋಡಿಕೊಳ್ಳುವಂತೆ ರೋಗಿಗಳನ್ನು ನೋಡಿಕೊಳ್ಳುವ ಜನರ ಒಂದು ಗುಂಪನ್ನು ಕಟ್ಟಬಾರದೇಕೆ?

ನಾಲ್ಕೈದು ಮಂದಿ ಜೊತೆಗೂಡಿದರು. ಒಂದು ಕೋಣೆಯಲ್ಲಿ ಪಾಡುಪಟ್ಟ ಯೇಸುಸ್ವಾಮಿಯ ಶಿಲುಬೆಯನ್ನಿಟ್ಟು ಪ್ರಾರ್ಥಿಸತೊಡಗಿದರು. ಒಳ್ಳೆಯ ಕೆಲಸಕ್ಕೆ ವಿರೋಧ ಇಲ್ಲದೆ ಇರುತ್ತದೆಯೇ? ಇವರು ಆಸ್ಪತ್ರೆಯನ್ನೇ ಕಬಳಿಸಲು ಹೊರಟಿದ್ದಾರೆಂಬ ದೂರು ಹೋಗಿ, ಆ ಕೋಣೆಯನ್ನು ಖಾಲಿ ಮಾಡಿಸಿದರು. ಅಂದು ರಾತ್ರಿ ಕುಗ್ಗಿಹೋಗಿದ್ದ ಕಮಿಲ್ಲಸರಿಗೆ ಶಿಲುಬೆಯ ಮೇಲಿನ ಸ್ವಾಮಿ ಕೈ ಚಾಚಿ, ಇದು ನಿನ್ನ ಕೆಲಸವಲ್ಲ, ನನ್ನದು, ಅಂಜದೆ ಮುಂದುವರಿ ಎಂದು ಧೈರ್ಯ ತುಂಬಿದಂತೆ ಅನುಭವವಾಯಿತು. ಆ ಶಿಲುಬೆ ಇಂದಿಗೂ ರೋಮ್ ನಗರದ ಸಂತ ಮಗ್ದಲದ ಮರಿಯಳ ದೇವಾಲಯದಲ್ಲಿದೆ.

ಮಕ್ಕಳ ಪಕ್ಕದಲ್ಲಿ ಕೂತ ವಿದ್ಯಾರ್ಥಿ

ರೋಗಿಗಳಿಗೆ ಸಂಸ್ಕಾರಗಳನ್ನೂ ನೀಡಬೇಕಾದರೆ ಗುರುಗಳಾಗಬೇಕು. ಅದಕ್ಕೆ ಲತೀನ್ ಭಾಷೆ ಬೇಕು. ಶಾಲೆ ತಪ್ಪಿಸಿ ಇಸ್ಪೀಟು ಆಡಿದ್ದವರು ಮೂವತ್ತೆರಡನೆಯ ವಯಸ್ಸಿನಲ್ಲಿ ಯೇಸುಸಭೆಯವರ ಕಾಲೇಜಿಗೆ ಹೋಗಿ ಚಿಕ್ಕ ಹುಡುಗರ ನಡುವೆ ಬೆಂಚಿನ ಮೇಲೆ ಕುಳಿತರು. ಹುಡುಗರು ನಕ್ಕರು. ಕಮಿಲ್ಲಸರು ನಾಚಿಕೆ ಬಿಟ್ಟು ಕಲಿತರು. 1584ರಲ್ಲಿ ಗುರುದೀಕ್ಷೆ ಪಡೆದರು. ತಮ್ಮ ದೇಶದಿಂದ ಗಡೀಪಾರಾಗಿ ರೋಮಿನಲ್ಲಿದ್ದ ಇಂಗ್ಲೆಂಡಿನ ಧರ್ಮಾಧ್ಯಕ್ಷ ಥಾಮಸ್ ಗೋಲ್ಡ್‌ವೆಲ್ ಅವರಿಗೆ ದೀಕ್ಷೆ ನೀಡಿದರು. ಸಂತ ಯಾಕೋಬರ ಆಸ್ಪತ್ರೆಯನ್ನು ಬಿಡುವುದು ಸಂತ ಫಿಲಿಪ್ ನೇರಿಯವರಿಗೆ ಇಷ್ಟವಿರಲಿಲ್ಲ. ಪ್ರೀತಿಯ ಗುರುಗಳ ಮನಸ್ಸಿಗೆ ವಿರುದ್ಧವಾಗಿ ನಡೆಯಬೇಕಾಗಿ ಬಂದದ್ದು ಕಮಿಲ್ಲಸರಿಗೆ ಸಣ್ಣ ನೋವಾಗಿರಲಿಲ್ಲ. ಆದರೂ ಹೊರಟರು. ವ್ಯಾಟಿಕನ್ನಿನ ಹತ್ತಿರವಿದ್ದ ಪವಿತ್ರಾತ್ಮರ ದೊಡ್ಡ ಆಸ್ಪತ್ರೆ ಅವರ ಕಾರ್ಯಕ್ಷೇತ್ರವಾಯಿತು.

ಅದೇ ವರ್ಷ ಅವರು ತಮ್ಮ ಸಂಗಡಿಗರಿಗಾಗಿ ನಿಯಮಗಳನ್ನು ಬರೆದರು. ಓದುಗರೇ, ಅವರ ಪಾಠದ ತಿರುಳು ಇದು. ಪ್ರತಿಯೊಬ್ಬನೂ ಮೊದಲು ದೇವರಲ್ಲಿ ತಾಯಿಯ ಮನಸ್ಸನ್ನು ಬೇಡಿಕೊಳ್ಳಬೇಕು. ಕಾಯಿಲೆ ಬಿದ್ದಿರುವ ಒಬ್ಬನೇ ಮಗನನ್ನು ಹೆತ್ತ ಕರುಳು ಹೇಗೆ ನೋಡಿಕೊಳ್ಳುತ್ತದೋ ಹಾಗೆ ಪ್ರತಿ ರೋಗಿಯ ದೇಹವನ್ನೂ ಆತ್ಮವನ್ನೂ ನೋಡಿಕೊಳ್ಳಬೇಕು. ಆದರೆ ಮನಸ್ಸೊಂದಿದ್ದರೆ ಸಾಲದು, ಕೈಗೂ ಆ ಪ್ರೀತಿ ಇಳಿಯಬೇಕು. ಹಾಸಿಗೆ ಹಾಸುವುದು, ತುತ್ತು ಉಣಿಸುವುದು, ಗಾಳಿ ಬೆಳಕಿಗೆ ಕಿಟಕಿ ತೆರೆಯುವುದು, ಅಂಟುಜಾಡ್ಯದವರನ್ನು ಬೇರೆ ಇರಿಸುವುದು, ರೋಗಿ ಸಿಡುಕಿದರೂ ಮೃದುವಾಗಿ ಉತ್ತರಿಸುವುದು, ಇವೆಲ್ಲವನ್ನೂ ಅವರು ತಾವೇ ಮಾಡಿ ತೋರಿಸಿ ಕಲಿಸಿದರು. ರೋಗಿಗಳನ್ನು ತಮ್ಮ ಯಜಮಾನರೆಂದು ಕರೆಯುತ್ತಿದ್ದರು. ಅವರಲ್ಲಿ ಸಾಕ್ಷಾತ್ ಕ್ರಿಸ್ತರನ್ನೇ ಕಂಡು, ಹಾಸಿಗೆಯ ಬಳಿ ಮೊಣಕಾಲೂರಿ ಸೇವೆ ಮಾಡುತ್ತಿದ್ದರು.

ಇನ್ನೊಂದು ಸಂಗತಿ ಕೇಳಿ. ಉಸಿರು ಪೂರ್ತಿ ನಿಲ್ಲುವ ಮುನ್ನವೇ ಕೆಲವರನ್ನು ಸತ್ತರೆಂದು ಸಾಗಿಸಿಬಿಡುವುದನ್ನು ಕಮಿಲ್ಲಸರು ಗಮನಿಸಿದ್ದರು. ಆದ್ದರಿಂದ ಕೊನೆಯುಸಿರು ಹೋದಂತೆ ಕಂಡ ಮೇಲೂ ಕಾಲು ಗಂಟೆ ಪಕ್ಕದಲ್ಲಿದ್ದು ಪ್ರಾರ್ಥಿಸುತ್ತಿರಬೇಕೆಂದು ತಮ್ಮವರಿಗೆ ಕಟ್ಟಳೆ ಮಾಡಿದರು. ಪ್ರಾರ್ಥನೆಯೂ ಆಯಿತು, ಜೀವವಿದ್ದರೆ ಉಳಿಸಿದಂತೆಯೂ ಆಯಿತು. ಸಾಯುವವರನ್ನು ಒಂಟಿಯಾಗಿ ಬಿಡದ ಈ ಗುರುಗಳನ್ನು ಜನ ಒಳ್ಳೆಯ ಮರಣದ ಗುರುಗಳೆಂದೇ ಕರೆಯತೊಡಗಿದರು.

1586ರಲ್ಲಿ ಜಗದ್ಗುರು ಐದನೆಯ ಸಿಕ್ಸ್ತುಸರು ಈ ಗುಂಪಿಗೆ ಮನ್ನಣೆ ನೀಡಿದರು. ಅದೇ ವರ್ಷ ಕಪ್ಪು ನಿಲುವಂಗಿಯ ಎದೆಯ ಮೇಲೆ ಕೆಂಪು ಶಿಲುಬೆ ಧರಿಸಲು ಅಪ್ಪಣೆ ದೊರೆಯಿತು. ತಾಯಿ ಕಂಡ ಕನಸಿನ ಅರ್ಥ ಆಗ ತಿಳಿಯಿತು. ಯುದ್ಧದಲ್ಲಿ ಗಾಯಗೊಂಡವರ ನೆರವಿಗೆ ಬರುವ ರೆಡ್ ಕ್ರಾಸ್ ಸಂಸ್ಥೆಯ ಗುರುತು ಬೇರೆ, ಅದು ಬಂದದ್ದು ಸುಮಾರು ಮುನ್ನೂರು ವರ್ಷಗಳ ನಂತರ. ಆದರೆ ಕಮಿಲ್ಲಸರ ಸಂಗಡಿಗರು 1595ರಲ್ಲೇ ಹಂಗೇರಿಯ ರಣರಂಗದಲ್ಲಿ ಗಾಯಾಳುಗಳ ಸೇವೆಗೆ ನಿಂತಿದ್ದರು.

ಆತ್ಮ ಮಾತ್ರವೋ, ದೇಹವೂ ಸಹವೋ?

1591ರಲ್ಲಿ ಈ ಗುಂಪು ಪೂರ್ಣ ಧಾರ್ಮಿಕ ಸಂಸ್ಥೆಯಾಯಿತು. ಬಡತನ, ಬ್ರಹ್ಮಚರ್ಯ, ವಿಧೇಯತೆಗಳ ಜೊತೆಗೆ ಅವರು ನಾಲ್ಕನೆಯ ವ್ರತವೊಂದನ್ನು ಕೈಗೊಂಡರು. ಪ್ರಾಣಕ್ಕೆ ಅಪಾಯವಿದ್ದರೂ, ಪ್ಲೇಗು ತಗುಲಿದವರಾದರೂ ರೋಗಿಗಳ ಸೇವೆ ಬಿಡುವುದಿಲ್ಲ ಎಂಬ ವ್ರತ. ಇದು ಬರಿಯ ಮಾತಾಗಿರಲಿಲ್ಲ. ಅದಕ್ಕೂ ಮುಂಚೆಯೇ, ಪ್ಲೇಗು ಹತ್ತಿದೆಯೆಂದು ನೇಪಲ್ಸ್ ಬಂದರಿನೊಳಗೆ ಬಿಡದಿದ್ದ ಹಡಗುಗಳನ್ನು ಹತ್ತಿ ಶುಶ್ರೂಷೆ ಮಾಡಿದವರಲ್ಲಿ ಇಬ್ಬರು ಅದೇ ರೋಗಕ್ಕೆ ಬಲಿಯಾಗಿದ್ದರು.

ಆದರೆ ಸಂಸ್ಥೆಯ ಒಳಗೇ ಒಂದು ದೊಡ್ಡ ಪ್ರಶ್ನೆ ಎದ್ದಿತು. 1594ರಲ್ಲಿ ಮಿಲಾನ್ ನಗರದ ದೊಡ್ಡ ಆಸ್ಪತ್ರೆಯಲ್ಲಿ ಹಗಲೂ ಇರುಳೂ ಎಲ್ಲ ಸೇವೆಯನ್ನೂ ಕಮಿಲ್ಲಸರು ಒಪ್ಪಿಕೊಂಡಾಗ, ಅವರ ಸಂಗಡಿಗರಲ್ಲೇ ಹಲವರು ಒಪ್ಪಲಿಲ್ಲ. ಗುರುಗಳು ಪಾಪನಿವೇದನೆ ಕೇಳಲಿ, ಪರಮಪ್ರಸಾದ ಕೊಡಲಿ, ಸಾಯುವವರಿಗೆ ಪ್ರಾರ್ಥಿಸಲಿ, ಬಟ್ಟೆ ಬದಲಿಸುವುದು, ಮಲಮೂತ್ರ ಎತ್ತುವುದು ಅವರ ಕೆಲಸವೇ ಎಂದು ಅವರು ಕೇಳಿದರು. ಅವರ ಮಾತಿನಲ್ಲೂ ಅರ್ಥವಿರಲಿಲ್ಲವೆಂದಲ್ಲ. ದುಡಿದು ದುಡಿದು ಅನೇಕರು ಸಾಯುತ್ತಿದ್ದರು. ಸಾಲವೂ ಬೆಳೆದಿತ್ತು. ಆದರೂ ಕಮಿಲ್ಲಸರು ಪಟ್ಟು ಬಿಡಲಿಲ್ಲ. ಅವರು ರೋಗಿಯಾಗಿ ಹಾಸಿಗೆಯಲ್ಲಿ ಮಲಗಿದ್ದವರು. ಹಸಿದವನಿಗೆ, ಒದ್ದೆ ಬಟ್ಟೆಯಲ್ಲಿ ಮಲಗಿದವನಿಗೆ ದೇವರ ಪ್ರೀತಿಯ ಮಾತು ಕಿವಿಗೆ ಬೀಳುವುದಿಲ್ಲವೆಂಬುದನ್ನು ಅನುಭವದಿಂದ ಬಲ್ಲವರು. ಈ ಜಗ್ಗಾಟ ವರ್ಷಗಟ್ಟಲೆ ನಡೆಯಿತು. ಕಡೆಗೆ 1600ರಲ್ಲಿ ಜಗದ್ಗುರು ಎಂಟನೆಯ ಕ್ಲೆಮೆಂಟರ ತೀರ್ಮಾನದಂತೆ, ಸಂಸ್ಥೆ ಆತ್ಮದ ಸೇವೆ, ದೇಹದ ಸೇವೆ ಎರಡನ್ನೂ ಉಳಿಸಿಕೊಂಡು ಮುಂದುವರಿಯಿತು.

ಈ ನಡುವೆ, 1598ರ ಕ್ರಿಸ್ಮಸ್ ಹೊತ್ತಿನಲ್ಲಿ ತೈಬರ್ ನದಿ ಉಕ್ಕಿ ಹರಿಯಿತು. ಅಷ್ಟು ದೊಡ್ಡ ಪ್ರವಾಹವನ್ನು ರೋಮ್ ನಗರ ಕಂಡದ್ದಿಲ್ಲ. ನೀರು ಪವಿತ್ರಾತ್ಮರ ಆಸ್ಪತ್ರೆಗೆ ನುಗ್ಗಿತು. ಕಮಿಲ್ಲಸರು ಆ ಹುಣ್ಣುಗಾಲಿನಲ್ಲೇ ನೀರಿಗಿಳಿದು ರೋಗಿಗಳನ್ನು ಹೆಗಲ ಮೇಲೆ ಹೊತ್ತು ಮೇಲಂತಸ್ತಿಗೆ ಸಾಗಿಸಿದರು.

1607ರಲ್ಲಿ ಅವರು ಮಹಾಶ್ರೇಷ್ಠರ ಪದವಿಯನ್ನು ತಾವಾಗಿಯೇ ಬಿಟ್ಟುಕೊಟ್ಟು ಮತ್ತೆ ವಾರ್ಡಿಗೆ ಮರಳಿದರು. ಹುಣ್ಣಿನ ಜೊತೆಗೆ ಬೇರೆ ಬಾಧೆಗಳೂ ಸೇರಿದ್ದವು. ಅವುಗಳನ್ನು ದೇವರ ಕರುಣೆಗಳೆಂದು ಕರೆಯುತ್ತಿದ್ದರು. ನಿಲ್ಲಲಾರದೆ ಇದ್ದಾಗ ಹಾಸಿಗೆಯಿಂದ ಹಾಸಿಗೆಗೆ ತೆವಳಿಕೊಂಡು ಹೋಗಿ ಯಾರಿಗೆ ಏನು ಬೇಕೆಂದು ವಿಚಾರಿಸುತ್ತಿದ್ದರು. 1614ರ ಜುಲೈ 14ರಂದು, ಅರವತ್ತನಾಲ್ಕನೆಯ ವಯಸ್ಸಿನಲ್ಲಿ, ಅನೇಕರ ಮರಣಶಯ್ಯೆಯ ಪಕ್ಕದಲ್ಲಿ ಕೂತಿದ್ದ ಅವರು ತಮ್ಮ ಸಂಗಡಿಗರ ನಡುವೆ ಪ್ರಾಣ ಬಿಟ್ಟರು. 1746ರಲ್ಲಿ ಜಗದ್ಗುರು ಹದಿನಾಲ್ಕನೆಯ ಬೆನೆಡಿಕ್ಟರು ಅವರನ್ನು ಸಂತರೆಂದು ಘೋಷಿಸಿದರು.

ಇಂದಿನ ಪಾಠಶಾಲೆ

ಕಮಿಲ್ಲಸರು ಬಿತ್ತಿದ ಯೋಚನೆ ಇಂದು ಬೇರೆ ರೂಪದಲ್ಲಿ ಬೆಳೆದಿದೆ. ಆಸ್ಪತ್ರೆಗಳಲ್ಲಿ ಆಧ್ಯಾತ್ಮಿಕ ಆರೈಕೆ ಮಾಡುವವರಿಗೆ ಪುಸ್ತಕದ ಪಾಠ ಸಾಲದು, ವಾರ್ಡಿನಲ್ಲೇ ಕಲಿಯಬೇಕು ಎಂಬುದನ್ನು ಈಗ ಎಲ್ಲರೂ ಒಪ್ಪುತ್ತಾರೆ. 1925ರಲ್ಲಿ ಅಮೆರಿಕದಲ್ಲಿ ಆಂಟನ್ ಬಾಯ್ಸನ್ ಎಂಬ ಪ್ರೊಟೆಸ್ಟೆಂಟ್ ಬೋಧಕರು ನಾಲ್ವರು ದೈವಶಾಸ್ತ್ರ ವಿದ್ಯಾರ್ಥಿಗಳನ್ನು ವೂಸ್ಟರ್ ಎಂಬಲ್ಲಿನ ಮಾನಸಿಕ ಆಸ್ಪತ್ರೆಗೆ ಕರೆತಂದು ಇಂಥ ತರಬೇತಿಗೆ ನಾಂದಿ ಹಾಡಿದರು. ಅವರೂ ಹಿಂದೊಮ್ಮೆ ಮಾನಸಿಕ ರೋಗಿಯಾಗಿ ಆಸ್ಪತ್ರೆಯಲ್ಲಿ ಇದ್ದವರು. ಆ ವಿದ್ಯಾರ್ಥಿಗಳು ಹಗಲಿಡೀ ವಾರ್ಡಿನ ಸಹಾಯಕರಾಗಿ ದುಡಿಯುತ್ತಿದ್ದರು. ಕಮಿಲ್ಲಸರ ಶಾಲೆಯಂತೆಯೇ ಅಲ್ಲವೇ?

ಈ ತರಬೇತಿಯಲ್ಲಿ ವಿದ್ಯಾರ್ಥಿ ರೋಗಿಯನ್ನು ಭೇಟಿಯಾಗಿ ಬಂದ ಮೇಲೆ, ತಾನು ಏನು ಹೇಳಿದೆ, ರೋಗಿ ಏನು ಹೇಳಿದರು ಎಂಬುದನ್ನು ನೆನಪಿನಿಂದ ಹಾಗೆಯೇ ಬರೆಯಬೇಕು. ರೋಗಿಯ ಗುರುತು ಬಿಟ್ಟುಕೊಡುವಂತಿಲ್ಲ. ಆಮೇಲೆ ಅನುಭವಿ ಮಾರ್ಗದರ್ಶಕರ ಮುಂದೆ ಸಹಪಾಠಿಗಳೊಡನೆ ಕೂತು ಅದನ್ನು ಓದಬೇಕು. ರೋಗಿ ಅಳಲು ಬಂದಾಗ ನಾನೇಕೆ ಮಾತು ಬದಲಿಸಿದೆ? ಸಾವಿನ ಭಯ ಅವರಿಗೋ, ನನಗೋ? ಅವರು ಪ್ರಾರ್ಥನೆ ಕೇಳಿದರೇ, ಅಥವಾ ಮಾತು ಮುಗಿಸಲು ನಾನೇ ಅವಸರದಿಂದ ಪ್ರಾರ್ಥಿಸಿದೆನೇ? ಬೇರೆ ಧರ್ಮದ ರೋಗಿಯ ನಂಬಿಕೆಗೆ ಗೌರವ ಕೊಟ್ಟೆನೇ? ಹೀಗೆ ತನ್ನನ್ನೇ ತಾನು ಪರೀಕ್ಷಿಸಿಕೊಳ್ಳುತ್ತಾ ಕಲಿಯುವ ವಿದ್ಯೆ ಇದು. ಇನ್ನೊಬ್ಬರ ಗಾಯ ಮುಟ್ಟುವ ಮೊದಲು ತನ್ನ ಗಾಯ ಯಾವುದೆಂದು ತಿಳಿದಿರಬೇಕು.

ಕಮಿಲ್ಲಸರ ಸಂಸ್ಥೆಯ ಗುರುಗಳು ನಮ್ಮ ಬೆಂಗಳೂರಿನಲ್ಲೂ ಇದ್ದಾರೆ. ಏಡ್ಸ್ ಎಂದರೆ ಮನೆಯವರೂ ದೂರ ಸರಿಯುತ್ತಿದ್ದ ಕಾಲದಲ್ಲಿ, 1997ರಲ್ಲಿ, ಸರ್ಜಾಪುರ ರಸ್ತೆಯಲ್ಲಿ ಅವರು ಎಚ್‌ಐವಿ ಸೋಂಕಿತರಿಗಾಗಿ ಸ್ನೇಹದಾನ್ ಎಂಬ ಆರೈಕೆ ಕೇಂದ್ರವನ್ನು ತೆರೆದರು. ಪ್ಲೇಗಿನ ಹಡಗು ಹತ್ತಿದವರ ವಾರಸುದಾರರಲ್ಲವೇ ಅವರು!

ನಿಮಗೊಂದು ಮಾತು

ಓದುಗರೇ, ನಾವೆಲ್ಲರೂ ತರಬೇತಿ ಪಡೆಯಲಾರೆವು. ಆದರೆ ಹಾಸಿಗೆ ಹಿಡಿದ ಅತ್ತೆ, ಮರೆವಿನ ಕಾಯಿಲೆಯ ಅಪ್ಪ, ಡಯಾಲಿಸಿಸ್‌ಗೆ ಹೋಗುವ ನೆರೆಮನೆಯವರು ನಮ್ಮ ನಡುವೆಯೇ ಇದ್ದಾರೆ. 2020ರಲ್ಲಿ ಕೋವಿಡ್ ಬಂದಾಗ ಎಷ್ಟೋ ಮಂದಿ ತಮ್ಮವರ ಕೈ ಹಿಡಿಯಲಾಗದೆ, ಫೋನಿನಲ್ಲೇ ಬೀಳ್ಕೊಟ್ಟದ್ದು ನಿಮಗೆ ನೆನಪಿರಬಹುದು. ಪಕ್ಕದಲ್ಲಿ ಒಬ್ಬರು ಇರುವುದು ಎಷ್ಟು ದೊಡ್ಡದೆಂದು ಆಗ ನಮಗೆ ಅರಿವಾಯಿತು.

ಆದ್ದರಿಂದ ಮುಂದಿನ ಸಲ ರೋಗಿಯನ್ನು ನೋಡಲು ಹೋದಾಗ ನಿಂತೇ ಮಾತಾಡಿ ಬರಬೇಡಿ, ಕುಳಿತುಕೊಳ್ಳಿ. ಬೇರೆಯವರ ಕಾಯಿಲೆಯ ಕಥೆ ಬೇಡ. ಅವರು ಮಾತಾಡಿದರೆ ಕೇಳಿ, ಸುಮ್ಮನಿದ್ದರೆ ಸುಮ್ಮನಿರಿ. ಜಾರಿದ ಹೊದಿಕೆ ಸರಿಪಡಿಸಿ. ಬಾಯಾರಿದೆಯೇ ಎಂದು ಕೇಳಿ, ನರ್ಸಮ್ಮನ ಒಪ್ಪಿಗೆ ಪಡೆದು ಒಂದು ಗುಟುಕು ನೀರು ಕುಡಿಸಿ. ಅವರು ಬಯಸಿದರೆ ಜೊತೆಯಲ್ಲಿ ಒಂದು ಪ್ರಾರ್ಥನೆ ಹೇಳಿ. ಪರಮಪ್ರಸಾದವೋ ರೋಗಿಗಳ ಅಭ್ಯಂಗವೋ ಬೇಕೆಂದರೆ ಕೊನೆಯ ಗಳಿಗೆಯವರೆಗೂ ಕಾಯದೆ ವಿಚಾರಣಾ ಗುರುಗಳಿಗೆ ತಿಳಿಸಿ. ಮನೆಯಲ್ಲೇ ರೋಗಿಯನ್ನು ನೋಡಿಕೊಂಡು ಬಳಲಿದವರಿದ್ದರೆ, ಒಂದು ರಾತ್ರಿ ನೀವು ಕೂತು ಅವರಿಗೆ ನಿದ್ರೆ ಮಾಡಲು ಬಿಡಿ.

ರೋಗಿಗಳನ್ನು ಬಿಟ್ಟು ಜೂಜಾಡಲು ಓಡಿಹೋಗಿದ್ದ ಆಳನ್ನೇ ದೇವರು ರೋಗಿಗಳ ಪಾಲಕರನ್ನಾಗಿ ಮಾಡಿದರು. ನಮಗೆ ಬಾರದು ಎಂದು ಹಿಂಜರಿಯಲು ನಮಗಿನ್ನು ನೆಪವಿಲ್ಲ. ಸಂತ ಕಮಿಲ್ಲಸರೇ, ನಮ್ಮ ಮನೆಗಳ ಮತ್ತು ಆಸ್ಪತ್ರೆಗಳ ರೋಗಿಗಳಿಗಾಗಿ ಪ್ರಾರ್ಥಿಸಿ. ನಮ್ಮ ಕೈಗಳಿಗೆ ನಿಮ್ಮ ಪಾಠ ಕಲಿಸಿ.